ಬೇಸ್ ಗಿಟಾರ್ ಇಲ್ಲದ ಬೇಸ್ ಹುಟ್ಟಿದ ಮೂಲೆ

ಆಸ್ಟ್ರೇಲಿಯಾಕ್ಕೆ ಹೊಸದಾಗಿ ಬಂದ ಕನ್ನಡಿಗರನ್ನು ಮೊದಲು ದಾರಿ ತಪ್ಪಿಸುವ ಪದ ‘ಹೋಟೆಲ್’. ನಮಗೆ ಹೋಟೆಲ್ ಅಂದ್ರೆ ಇಡ್ಲಿ-ವಡೆ, ಹೆಚ್ಚಂದ್ರೆ ಉಳಿದುಕೊಳ್ಳೋಕೆ ರೂಮು. ಇಲ್ಲಿ ಬೀದಿ ಮೂಲೆಯ ಹಳೇ ಕಟ್ಟಡದ ಮೇಲೆ ಹೋಟೆಲ್ ಅಂತ ಬರೆದಿದ್ದರೆ ಅದು ಬಹುತೇಕ ಪಬ್. ಬಿಯರ್ ಸಿಗುತ್ತೆ, ಬಿಸಿ ಆಲೂಗಡ್ಡೆ ಚಿಪ್ಸ್ ಸಿಗುತ್ತೆ, ಕೆಲವು ಕಡೆ ರಾತ್ರಿ ಸಂಗೀತವೂ ಇರುತ್ತೆ. ಮೆಲ್ಬರ್ನಿನ ರಿಚ್ಮಂಡ್‌ನಲ್ಲಿರುವ ‘ಕಾರ್ನರ್ ಹೋಟೆಲ್’ ಅಂಥದ್ದೇ ಒಂದು. ಹಾಡಿನ ಹುಚ್ಚಿರುವ ಗೆಳೆಯರು ಯಾರೇ ಊರಿಂದ ಬಂದರೂ, ಎಂಸಿಜಿ ಕ್ರೀಡಾಂಗಣ ತೋರಿಸಿದ ಮೇಲೆ ನಾನು ಅವರನ್ನು ನಡೆಸಿಕೊಂಡು ಹೋಗೋದು ಅಲ್ಲಿಗೇ.

ಹೋಗೋದು ಸುಲಭ. ಊರ ಮಧ್ಯದ ಫ್ಲಿಂಡರ್ಸ್ ಸ್ಟ್ರೀಟ್‌ನಲ್ಲಿ ರೈಲು ಹತ್ತಿದರೆ ಮುಂದಿನ ಸ್ಟೇಷನ್ನೇ ರಿಚ್ಮಂಡ್. ಸ್ವಾನ್ ಸ್ಟ್ರೀಟ್ ಕಡೆಗೆ ಇಳಿದರೆ ರಸ್ತೆಯ ಮೇಲೊಂದು ರೈಲ್ವೆ ಸೇತುವೆ ಸಿಗುತ್ತೆ, ಹೋಟೆಲ್ ಅದರ ಹತ್ತಿರಕ್ಕೇ ಇದೆ. 70ನೇ ನಂಬರಿನ ಟ್ರಾಮ್ ಕೂಡ ಅದೇ ರಸ್ತೆಯಲ್ಲಿ ಓಡುತ್ತೆ. ಅಂಗಡಿಗಳಲ್ಲಿ, ಜನರ ಕುತ್ತಿಗೆಯ ಸ್ಕಾರ್ಫುಗಳಲ್ಲಿ ಎಲ್ಲೆಲ್ಲೂ ಹಳದಿ-ಕಪ್ಪು. ರಿಚ್ಮಂಡ್ ಫುಟ್ಬಾಲ್ ಟೀಮಿನ ಬಣ್ಣ ಅದು. ಹಳದಿ ಕಂಡ ಕೂಡಲೇ ಪಕ್ಕದಲ್ಲಿ ಕೆಂಪು ಹುಡುಕೋ ಕಣ್ಣು ನಮ್ಮದು, ಸ್ವಲ್ಪ ಹೊತ್ತು ಒದ್ದಾಡುತ್ತೆ.

ಒಳಗೆ ಕೂತರೆ ಆಗಾಗ ರೈಲು ಹೋಗುವ ಗುಡುಗುಡು ಸದ್ದು. ಕಿವಿಗಿಂತ ಮೊದಲು ಕಾಲಿಗೆ ಗೊತ್ತಾಗುವ ಸದ್ದು. ಈ ಜಾಗದ ಕಥೆಗೆ ಅದು ಚೆನ್ನಾಗಿ ಹೊಂದುತ್ತೆ.

ನಾಲ್ವರಲ್ಲಿ ಮೂವರು

ನಮ್ಮದೊಂದು ಸಣ್ಣ ಬ್ಯಾಂಡು. ನಾನು ಗಿಟಾರ್, ಮಂಗಳೂರಿನ ಹುಡುಗ ಡ್ರಮ್ಸ್, ಹಾಸನದ ಗೆಳೆಯ ಬೇಸ್. ಹಾಡೋರು ದಾವಣಗೆರೆಯ ಅಕ್ಕ, ಇಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಅವರ ಶಿಫ್ಟ್ ನೋಡಿಕೊಂಡು ಟಾರ್ನೀಟ್‌ನ ನಮ್ಮ ಗ್ಯಾರೇಜಿನಲ್ಲಿ ಭಾನುವಾರ ಪ್ರಾಕ್ಟೀಸ್. ವಾರವಿಡೀ ಟಿಕೆಟ್ಟು, ಡಿಪ್ಲಾಯ್‌ಮೆಂಟು ಅಂತ ಇರೋ ನಮಗೆ ಆ ಮೂರು ಗಂಟೆಯೇ ಊರು.

ಕಳೆದ ಸೆಪ್ಟೆಂಬರಿನಲ್ಲಿ ಹಾಸನದ ಗೆಳೆಯನ ಪ್ರಾಜೆಕ್ಟ್ ಮುಗಿಯಿತು. ವೀಸಾ ಕಂಪನಿಯದ್ದು, ಹಾಗಾಗಿ ವಾಪಸ್ ಬೆಂಗಳೂರು. ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಇನ್ನು ಆರು ವಾರ, ನಮ್ಮ ಹೆಸರಿನಲ್ಲಿ ಮೂರು ಹಾಡು. “ಮಗಾ, ನನ್ನ ಜಾಗಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ,” ಅಂದ ಏರ್‌ಪೋರ್ಟಿನಲ್ಲಿ. ಹೇಳುವಾಗ ನಮ್ಮ ಮುಖ ನೋಡಲಿಲ್ಲ.

ನಾವು ಯಾರನ್ನೂ ಹುಡುಕಲಿಲ್ಲ. ಹುಡುಕಿದರೆ ಅವನು ನಿಜವಾಗಲೂ ಹೋದ ಹಾಗಾಗುತ್ತೆ ಅಂತ ಮೂವರಿಗೂ ಅನಿಸಿರಬೇಕು. “ಬೇಸ್ ಇಲ್ಲದೆ ಎಂತ ಹಾಡು ಮಾರಾಯ? ಕ್ಯಾನ್ಸಲ್ ಮಾಡುವ,” ಅಂದ ಮಂಗಳೂರಿನವನು. ಅಕ್ಕ ಮಾತ್ರ, “ಇನ್ನೊಂದು ವಾರ ನೋಡೋಣಪ್ಪ,” ಅಂದರು.

ಆ ವಾರದಲ್ಲಿ ನಾನು ಸ್ವಾನ್ ಸ್ಟ್ರೀಟಿಗೆ ಹೋದೆ.

2002ರ ಒಂದು ಸೌಂಡ್‌ಚೆಕ್

ಅಮೆರಿಕದ ಡೆಟ್ರಾಯ್ಟ್‌ನಲ್ಲಿ 1997ರಲ್ಲಿ ಶುರುವಾದ ‘ದಿ ವೈಟ್ ಸ್ಟ್ರೈಪ್ಸ್’ ಅನ್ನೋ ಬ್ಯಾಂಡಿನಲ್ಲಿ ಇದ್ದದ್ದು ಇಬ್ಬರೇ. ಜ್ಯಾಕ್ ವೈಟ್ ಗಿಟಾರ್ ಮತ್ತು ಹಾಡು, ಮೆಗ್ ವೈಟ್ ಡ್ರಮ್ಸ್. ಬೇಸ್ ನುಡಿಸೋರು ಇರಲೇ ಇಲ್ಲ. 2002ರ ಜನವರಿಯಲ್ಲಿ ಅವರು ಕಾರ್ನರ್ ಹೋಟೆಲ್ಲಿಗೆ ಕಾರ್ಯಕ್ರಮ ಕೊಡೋಕೆ ಬಂದಿದ್ದರು. ಸೌಂಡ್‌ಚೆಕ್ ಹೊತ್ತಿನಲ್ಲಿ ಸುಮ್ಮನೆ ಗಿಟಾರ್ ಮೀಟುತ್ತಿದ್ದ ಜ್ಯಾಕ್ ಬೆರಳಿಗೆ ಏಳು ಸ್ವರಗಳ ಒಂದು ಸಾಲು ಸಿಕ್ಕಿತು. ಜೊತೆಗಿದ್ದ ಗೆಳೆಯ ಕೇಳಿ ‘ಪರವಾಗಿಲ್ಲ’ ಅನ್ನೋ ಹಾಗೆ ತಲೆಯಾಡಿಸಿದರಂತೆ, ಅಷ್ಟೇ.

ಅದೇ ಸಾಲು ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಟೋ ರ‍್ಯಾಗ್ ಸ್ಟುಡಿಯೋದಲ್ಲಿ, ಕಂಪ್ಯೂಟರನ್ನೇ ಬಳಸದೆ, ಹಳೇ ಟೇಪಿನ ಮೇಲೆ ರೆಕಾರ್ಡ್ ಆಯ್ತು. 2003ರಲ್ಲಿ ‘ಸೆವೆನ್ ನೇಷನ್ ಆರ್ಮಿ’ ಅನ್ನೋ ಹಾಡಾಗಿ ಹೊರಬಂತು. ಕೇಳಿದವರೆಲ್ಲ ಎಂಥಾ ಬೇಸ್ ಅಂದರು. ಆದರೆ ಅದು ಗಿಟಾರ್. ಡಿಜಿಟೆಕ್ ಕಂಪನಿಯ ‘ವ್ಯಾಮಿ’ ಅನ್ನೋ ಪೆಡಲ್ ಅದರ ಸ್ವರವನ್ನು ಒಂದು ಸ್ಥಾಯಿ ಕೆಳಗಿಳಿಸಿತ್ತು.

ಆಮೇಲಿನದು ಫುಟ್ಬಾಲ್ ಮೈದಾನದ ಕಥೆ. 2003ರ ಅಕ್ಟೋಬರಿನಲ್ಲಿ ಮಿಲಾನ್‌ಗೆ ಮ್ಯಾಚ್ ನೋಡೋಕೆ ಹೋಗಿದ್ದ ಬೆಲ್ಜಿಯಂನ ಬ್ರೂಜ್ ಕ್ಲಬ್ಬಿನ ಅಭಿಮಾನಿಗಳು ಆ ಏಳು ಸ್ವರಗಳನ್ನು ಪದವಿಲ್ಲದೆ ಕೂಗಿದರು. ಅವರಿಂದ ರೋಮ್‌ನವರು ಕಲಿತರು. 2006ರಲ್ಲಿ ಇಟಲಿ ವಿಶ್ವಕಪ್ ಗೆದ್ದಾಗ ಇಡೀ ದೇಶ ಅದನ್ನೇ ಕೂಗಿತು. ಇವತ್ತು ಅದನ್ನು ಕೂಗುವ ಎಷ್ಟೋ ಜನರಿಗೆ ಹಾಡಿನ ಹೆಸರೂ ಗೊತ್ತಿಲ್ಲ, ಈ ಪಬ್ಬಂತೂ ಗೊತ್ತೇ ಇಲ್ಲ.

ನಾನು ಅಲ್ಲಿ ನಿಂಬೆ ಸೋಡಾ ಹಿಡಿದು ಕೂತು ಯೋಚಿಸಿದ್ದು ಇಷ್ಟೇ: ಇಬ್ಬರಿಂದ ಆಗಿದ್ದು ಮೂವರಿಂದ ಆಗಲ್ವಾ?

ಪೆಡಲ್ ಒಳಗೆ ಏನಿದೆ?

ನಮ್ಮ ಸಂಗೀತದ ಭಾಷೆಯಲ್ಲಿ ಹೇಳೋದಾದರೆ ಆಕ್ಟೇವ್ ಪೆಡಲ್ ಕೆಲಸ ಮಧ್ಯಸ್ಥಾಯಿಯನ್ನು ಮಂದ್ರಸ್ಥಾಯಿಗೆ ಇಳಿಸೋದು. ತಂಬೂರಿಯ ಕೊನೆಯ ತಂತಿ ನೆನಪಿಸಿಕೊಳ್ಳಿ. ಅದೂ ಷಡ್ಜವೇ, ಆದರೆ ಒಂದು ಸ್ಥಾಯಿ ಕೆಳಗಿನದು. ಲೆಕ್ಕದಲ್ಲಿ ಕಂಪನ ಸರಿಯಾಗಿ ಅರ್ಧ. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತೆ, ಬೇಸ್ ಗಿಟಾರಿನದು ಸುಮಾರು 41 ಸಲ. ಅರ್ಧ ಮಾಡಿದರೆ ಸ್ವರ ಸಿಕ್ಕ ಹಾಗೇ.

ಅರ್ಧ ಮಾಡೋದು ಹೇಗೆ? ಎಂಜಿನಿಯರಿಂಗ್ ಓದಿದವರು ಲಾಜಿಕ್ ಡಿಸೈನ್ ಲ್ಯಾಬಿನ ಫ್ಲಿಪ್‌ಫ್ಲಾಪ್ ನೆನಪಿಸಿಕೊಳ್ಳಬಹುದು. ಎರಡು ಅಲೆ ಒಳಗೆ ಹೋದರೆ ಒಂದು ಅಲೆ ಹೊರಗೆ. ಹಳೇ ಮಾದರಿಯ ಅನಲಾಗ್ ಪೆಡಲ್ಲುಗಳು ಮಾಡೋದು ಇದನ್ನೇ. ವೈವಾದಲ್ಲಿ ಬೆವರಿಳಿಸಿದ್ದ ಆ ಸರ್ಕ್ಯೂಟು ಹತ್ತು ವರ್ಷದ ಮೇಲೆ ಗ್ಯಾರೇಜಿನಲ್ಲಿ ಕಾಲಿನ ಕೆಳಗೆ ಸಿಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಇದಕ್ಕೊಂದು ಮಿತಿ ಇದೆ. ಒಂದು ಸಲಕ್ಕೆ ಒಂದೇ ಸ್ವರ. ಎರಡು ತಂತಿ ಒಟ್ಟಿಗೆ ನುಡಿಸಿದರೆ ಯಾವ ಅಲೆ ಎಣಿಸಬೇಕೋ ಗೊತ್ತಾಗದೆ ಗರಗರ ಅನ್ನುತ್ತೆ. ಡಿಜಿಟಲ್ ಪೆಡಲ್ಲುಗಳು ಸದ್ದನ್ನು ಚೂರು ಚೂರಾಗಿ ತೆಗೆದುಕೊಂಡು ಲೆಕ್ಕ ಹಾಕಿ ಕೆಳಗಿಳಿಸುತ್ತವೆ. ಕಾರ್ಡ್ ಹಿಡಿದರೂ ಸಂಭಾಳಿಸುವಂಥವು ಇವೆ, ಆದರೆ ಒಂದು ಕೂದಲೆಳೆಯಷ್ಟು ತಡ.

ನಾನು ಸೆಕೆಂಡ್ ಹ್ಯಾಂಡ್‌ನಲ್ಲಿ 60 ಡಾಲರಿಗೆ, ಅಂದ್ರೆ ಸುಮಾರು 3,500 ರೂಪಾಯಿಗೆ ಒಂದು ಪೆಡಲ್ ತಂದೆ. ಬೇಸ್ ಗಿಟಾರನ್ನೇ ಸಾಲ ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ತಂದರೆ ಗಿಟಾರ್ ಕೆಳಗಿಡಬೇಕು. ಪೆಡಲ್ ಆದರೆ ಒಂದೇ ಹಾಡಿನಲ್ಲಿ ಕಾಲೊತ್ತಿ ಬೇಸ್, ಮತ್ತೆ ಒತ್ತಿ ಗಿಟಾರ್.

ಕಡಿಮೆ ಬೆಲೆಯ ಪೆಡಲ್ಲಿನಿಂದ ಒಳ್ಳೇ ಬೇಸ್

ಆರು ವಾರದಲ್ಲಿ ಕೆಲಸಕ್ಕೆ ಬಂದ ಸಂಗತಿಗಳು ಇವು:

• ಕುತ್ತಿಗೆಯ ಹತ್ತಿರದ ಪಿಕಪ್ ಬಳಸಿ, ಟೋನ್ ನಾಬ್ ಪೂರ್ತಿ ಇಳಿಸಿ. ಕಿರುಗುಟ್ಟುವ ಸದ್ದು ಕಡಿಮೆಯಾದಷ್ಟೂ ಪೆಡಲಿಗೆ ಸ್ವರ ಹಿಡಿಯೋದು ಸುಲಭ.

• ಪಿಕ್ ಬಿಟ್ಟು ಹೆಬ್ಬೆರಳಿನ ಮಾಂಸದ ಭಾಗದಿಂದ ಮೀಟಿ. ಬೇಡದ ತಂತಿಗಳನ್ನು ಎಡಗೈಯಿಂದ ಮುಚ್ಚಿ.

• ದಪ್ಪ ತಂತಿಯನ್ನು ಬರಿದಾಗಿ ನುಡಿಸೋದಕ್ಕಿಂತ 5ನೇ ಫ್ರೆಟ್‌ನಿಂದ ಮೇಲೆ ನುಡಿಸಿ. ಬರಿ ತಂತಿಯ ಒಂದು ಅಲೆಗೇ 12 ಮಿಲಿಸೆಕೆಂಡ್ ಬೇಕು. ಮೇಲಿನ ಫ್ರೆಟ್‌ನಲ್ಲಿ ಅಲೆ ಚಿಕ್ಕದು, ಪೆಡಲ್ ಬೇಗ ಗುರುತಿಸುತ್ತೆ, ತೊದಲೋದಿಲ್ಲ. 5ನೇ ಫ್ರೆಟ್‌ನ 110 ಕಂಪನ ಅರ್ಧವಾಗಿ 55 ಆಗುತ್ತೆ. ಅದು ಬೇಸಿನ ಎರಡನೇ ದಪ್ಪ ತಂತಿಯ ಸ್ವರವೇ.

• ಬೇರೆ ಪೆಡಲ್ ಇದ್ದರೆ ಆಕ್ಟೇವ್ ಮೊದಲು, ಡಿಸ್ಟಾರ್ಷನ್ ಆಮೇಲೆ. ಕಂಪ್ರೆಸರ್ ಒಂದನ್ನು ಮಾತ್ರ ಆಕ್ಟೇವ್‌ಗಿಂತ ಮುಂಚೆ ಇಟ್ಟರೆ ಸ್ವರ ಹೆಚ್ಚು ಹೊತ್ತು ನಿಲ್ಲುತ್ತೆ.

• ಮೂಲ ಗಿಟಾರಿನ ಸದ್ದನ್ನು ಪೂರ್ತಿ ಇಳಿಸಿ, ಕೆಳಸ್ಥಾಯಿ ಮಾತ್ರ ಬಿಡಿ.

• ಎಲ್ಲಕ್ಕಿಂತ ಮುಖ್ಯ, ಗಿಟಾರ್ ಆಂಪ್ಲಿಫೈಯರ್ ಸ್ಪೀಕರು ಅಷ್ಟು ಕೆಳಗಿನ ಸದ್ದಿಗೆ ಮಾಡಿದ್ದಲ್ಲ. ಜೋರಾಗಿಟ್ಟರೆ ಹಾಳಾಗಬಹುದು. ಬೇಸ್ ಅಥವಾ ಕೀಬೋರ್ಡ್ ಆಂಪ್ ಬಳಸಿ, ಇಲ್ಲವೇ ಡಿಐ ಬಾಕ್ಸ್ ಮೂಲಕ ನೇರ ಹಾಲ್‌ನ ಮಿಕ್ಸರಿಗೆ ಕೊಡಿ.

ಸ್ವರ ಬಂತು, ಗೆಳೆಯ?

ಮೂರನೇ ವಾರಕ್ಕೆ ಸ್ವರ ಸರಿಯಾಗಿ ಬಂತು. ಆದರೂ ಹಾಡು ಕೂರುತ್ತಿರಲಿಲ್ಲ. “ಯಾಕೋ ನಂಗೆ ಉಸಿರಾಡೋಕೆ ಜಾಗ ಇಲ್ಲಪ್ಪ,” ಅಂದರು ಅಕ್ಕ. ಪೆಡಲ್ ಬದಲಾಯಿಸೋಣ್ವಾ ಅಂತ ನಾವು ಗಂಡಸರಿಬ್ಬರೂ ಆನ್‌ಲೈನಲ್ಲಿ ಹುಡುಕುತ್ತಾ ಕೂತೆವು. ಎಂಜಿನಿಯರ್‌ಗಳಿಗೆ ಬರೋದು ಅದೊಂದೇ ಪರಿಹಾರ.

ಕೊನೆಗೆ ರೆಕಾರ್ಡಿಂಗನ್ನು ಬೆಂಗಳೂರಿಗೆ ಕಳಿಸಿದೆ. ಅಲ್ಲಿ ಆಗಿನ್ನೂ ಬೆಳಗ್ಗೆ. ಹತ್ತೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು, ಹಿಂದೆ ಆಟೋ ಹಾರನ್ನು. “ಮಗಾ, ಸೌಂಡು ಸೂಪರ್. ಆದ್ರೆ ಚರಣದ ಮೂರನೇ ಸಾಲಲ್ಲಿ ಅಷ್ಟೊಂದು ನುಡಿಸ್ಬೇಡ. ಒಂದು ಸ್ವರ ಹೊಡ್ದು ಬಿಟ್ಬಿಡು. ಖಾಲಿ ಬಿಟ್ರೆ ಅಕ್ಕ ತುಂಬ್ತಾರೆ. ನಾನು ಅಲ್ಲಿ ಯಾವತ್ತೂ ಏನೂ ನುಡಿಸ್ತಾನೇ ಇರ್ಲಿಲ್ಲ, ನೋಡಿಲ್ವಾ?”

ಹಳೇ ವಿಡಿಯೋ ತೆಗೆದು ನೋಡಿದೆವು. ಹೌದು. ಆ ಜಾಗದಲ್ಲಿ ಅವನು ಕೈ ಕಟ್ಟಿ, ಅಕ್ಕನ ಮುಖ ನೋಡುತ್ತಾ ನಿಂತಿದ್ದ. ಅಕ್ಕ ಉಸಿರು ತೆಗೆದುಕೊಂಡ ಮೇಲೆ, ಡ್ರಮ್ಮಿನ ಏಟಿನ ಜೊತೆಗೇ ವಾಪಸ್ ಬರುತ್ತಿದ್ದ. ಪ್ರತಿ ಸಲವೂ ಹಾಗೇ. ಎರಡು ವರ್ಷ ನಾವು ಹಾಯಾಗಿ ಹಾಡಿಕೊಂಡಿದ್ದು ಅವನು ಹಾಗೆ ಕಾಯುತ್ತಿದ್ದುದರಿಂದ. ವಿಡಿಯೋ ಮುಗಿದ ಮೇಲೂ ಗ್ಯಾರೇಜಿನಲ್ಲಿ ಯಾರೂ ಮಾತಾಡಲಿಲ್ಲ.

ಉಳಿದ ಮೂರು ವಾರ ನಾನು ಪೆಡಲಿನ ನಾಬ್ ಮುಟ್ಟಲಿಲ್ಲ. ಅಕ್ಕನ ಮುಖ ನೋಡಿ ನುಡಿಸೋದನ್ನು ಕಲಿತೆ. ವೈಟ್ ಸ್ಟ್ರೈಪ್ಸ್ ಹಾಡಿನ ಒಂದು ಉಪಾಯವನ್ನೂ ತೆಗೆದುಕೊಂಡೆವು. ಅದರಲ್ಲಿ ಕೆಳಸ್ಥಾಯಿಯ ಸಾಲು ಮೆಲ್ಲಗೆ ನಡೆಯುತ್ತೆ, ಆಮೇಲೆ ಗಿಟಾರ್ ತನ್ನ ನಿಜವಾದ ದನಿಯಲ್ಲಿ ಅಬ್ಬರಿಸುತ್ತೆ. ನಾವೂ ಹಾಗೇ ಚರಣಕ್ಕೆ ಪೆಡಲ್, ಪಲ್ಲವಿಗೆ ಪೂರ್ತಿ ಗಿಟಾರ್ ಅಂತ ಹಂಚಿಕೊಂಡೆವು. ಪಲ್ಲವಿಯಲ್ಲಿ ಬೇಸ್ ಇಲ್ಲದ ಕೊರತೆಯನ್ನು ಮಂಗಳೂರಿನವನು ಕಾಲಿನ ಡ್ರಮ್ಮಿನಲ್ಲಿ ತುಂಬಿದ.

ನವೆಂಬರಿನಲ್ಲಿ ಮೂರೂ ಹಾಡು ಹಾಡಿದೆವು. ಹಾಲ್ ತುಂಬ ಮಕ್ಕಳ ಗಲಾಟೆ, ಬಿಸಿಬೇಳೆಬಾತಿನ ವಾಸನೆ. ಕೆಳಗಿಳಿದಾಗ ಯಾರದೋ ಅಪ್ಪ, ಮೊಮ್ಮಗಳನ್ನು ನೋಡೋಕೆ ಊರಿಂದ ಬಂದವರು, ಹತ್ತಿರ ಬಂದು ಕೇಳಿದರು: “ಬೇಸ್ ಬಾರಿಸಿದ ಹುಡುಗ ಎಲ್ಲಪ್ಪ ಕೂತಿದ್ದ? ಕಾಣಲೇ ಇಲ್ಲ.”

“ಬೆಂಗಳೂರಲ್ಲಿ, ಅಂಕಲ್,” ಅಂದರು ಅಕ್ಕ.

ಮೆಲ್ಬರ್ನಿಗೆ ಬಂದರೆ ಸ್ವಾನ್ ಸ್ಟ್ರೀಟ್ ಕಡೆ ಒಮ್ಮೆ ಹೋಗಿ. ಸಂಜೆ ಕಾರ್ಯಕ್ರಮ ಏನಿದೆ ಅಂತ ಮೊದಲೇ ನೋಡಿಕೊಂಡು ಟಿಕೆಟ್ ತೆಗೆದುಕೊಳ್ಳಿ, ಜಾಕೆಟ್ ಮರೀಬೇಡಿ. ಈ ಊರಿನಲ್ಲಿ ಒಂದೇ ದಿನಕ್ಕೆ ನಾಲ್ಕು ಋತು. ಕುಡಿಯದಿದ್ದರೂ ಚಿಂತೆಯಿಲ್ಲ, ಮಹಡಿ ಮೇಲೆ ಕೂತು ಚಿಪ್ಸ್ ತಿನ್ನುತ್ತಾ ರೈಲು ನೋಡಬಹುದು.

ಅಂದ ಹಾಗೆ, ಬೆಂಗಳೂರಿನಲ್ಲಿ ಹಾಸನದ ಗೆಳೆಯ ಹೊಸ ಬ್ಯಾಂಡ್ ಕಟ್ಟುತ್ತಿದ್ದಾನೆ. ಡ್ರಮ್ಸ್ ಹುಡುಗಿ ಸಿಕ್ಕಿದ್ದಾಳೆ, ಹಾಡೋರು ಸಿಕ್ಕಿದ್ದಾರೆ, ಗಿಟಾರ್ ನುಡಿಸೋರು ಇನ್ನೂ ಸಿಕ್ಕಿಲ್ಲ. ಮೊನ್ನೆ ಮೆಸೇಜ್ ಮಾಡಿದ್ದ: “ಮಗಾ, ಒಂದು ಸ್ಥಾಯಿ ಮೇಲಕ್ಕೆ ಹತ್ತಿಸೋ ಪೆಡಲ್ ಇದ್ಯಾ?”

ಇದೆ. ಲಿಂಕ್ ಕಳಿಸಿದ್ದೇನೆ.