ಕಲ್ಲುತೊಟ್ಟಿಯ ಹೋಟೆಲು

ಅಪ್ಪನ ಹೋಟೆಲಿಗೆ ಬೋರ್ಡ್ ಇರಲಿಲ್ಲ. ಮುಂದೆ ಒಂದು ಕಲ್ಲುತೊಟ್ಟಿ ಇತ್ತು, ಅದೇ ಗುರುತು. ಚಿತ್ರದುರ್ಗದ ಕಡೆಯಿಂದ ಬಿಸಿಲಲ್ಲಿ ಏದುತ್ತ ಬಂದ ಲಾರಿ ಹೊಳಲ್ಕೆರೆ ಮುಟ್ಟುವ ಹೊತ್ತಿಗೆ ರೇಡಿಯೇಟರು ಕುದಿಯುತ್ತಿತ್ತು. ಕ್ಲೀನರ್ ಹುಡುಗ ಡಬ್ಬ ಹಿಡಿದು ತೊಟ್ಟಿಗೆ ಓಡುವನು. ಡ್ರೈವರು ಒದ್ದೆ ಗೋಣಿತಾಟು ಹಾಕಿ ಮುಚ್ಚಳ ಬಿಚ್ಚುವನು. ಇಂಜಿನ್ ತಣ್ಣಗಾಗಲು ಅರ್ಧ ಗಂಟೆಯಾದರೂ ಬೇಕು. ನಮ್ಮ ಸಂಸಾರವನ್ನು ಸಾಕಿದ್ದು ಆ ಅರ್ಧ ಗಂಟೆ.

ಸೊಲ್ಲಾಪುರದಿಂದ ಮಂಗಳೂರಿಗೆ ಹೋಗುವ ಆ ದಾರಿಗೆ ನಾವು ಹದಿಮೂರು ಎನ್ನುತ್ತಿದ್ದೆವು. ರಾಷ್ಟ್ರೀಯ ಹೆದ್ದಾರಿ 13. ಎದುರಿಗೆ ಇನ್ನೊಂದು ಗಾಡಿ ಬಂದರೆ ಒಂದು ಚಕ್ರವನ್ನು ಮಣ್ಣಿಗೆ ಇಳಿಸಬೇಕಾಗಿದ್ದ ರಸ್ತೆ. ಕೆಳಗಿನ ಸೀಮೆಯಿಂದ ಮಂಗಳೂರು ಹೆಂಚು, ಒಣಮೀನು ಬರುತ್ತಿದ್ದವು. ಇಲ್ಲಿಂದ ಈರುಳ್ಳಿ, ಶೇಂಗಾ ಹೋಗುತ್ತಿದ್ದವು. ಕಣ್ಣು ಮುಚ್ಚಿಕೊಂಡು ವಾಸನೆಯಲ್ಲೇ ಲಾರಿ ಎತ್ತ ಹೊರಟಿದೆ ಎಂದು ಹೇಳುತ್ತಿದ್ದೆ.

“ಏನೈತೆ ಯಜಮಾನ್ರೇ ತಿನ್ನಾಕೆ?” ಎಂದು ಕೇಳಿಕೊಂಡೇ ಒಳಗೆ ಬರುವರು. ಏನಿದೆಯೆಂದು ಅವರಿಗೂ ಗೊತ್ತಿತ್ತು. ಬೆಳಿಗ್ಗೆ ಇಡ್ಲಿ, ಚಿತ್ರಾನ್ನ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು. ಸಂಜೆ ನಾಲ್ಕೂವರೆಯ ಮೇಲೆ ಒಗ್ಗರಣೆ ಮಂಡಕ್ಕಿ ಮತ್ತು ಮೆಣಸಿನಕಾಯಿ. ಬಜ್ಜಿ ಎಂಬ ಮಾತು ನಮ್ಮ ಕಡೆ ಬೇಡ, ಮೆಣಸಿನಕಾಯಿ ಎಂದರೆ ಸಾಕು. ಅವ್ವ ತಿಳಿಹಸಿರು ಉದ್ದ ಕಾಯಿಗಳನ್ನು ಸೀಳಿ ಒಳಗೆ ಉಪ್ಪು, ಅಜವಾನ ಸವರಿಟ್ಟಿರುತ್ತಿದ್ದಳು. ಮಂಡಕ್ಕಿಯನ್ನು ನೀರಲ್ಲಿ ಅದ್ದಿದ ಕೂಡಲೇ ಎತ್ತಿ ಹಿಂಡಬೇಕು. ಒಂದು ಗಳಿಗೆ ತಡವಾದರೂ ಮುದ್ದೆಯಾಗುತ್ತದೆ. ಆ ಹದ ಅವಳ ಕೈಗೆ ಗೊತ್ತಿತ್ತು. ಒಗ್ಗರಣೆಯಲ್ಲಿ ಈರುಳ್ಳಿ ಬಾಡುವ ಮೊದಲೇ ಮಂಡಕ್ಕಿ ಸುರಿದು, ಇಳಿಸಿದ ಮೇಲೆ ಹುರಿಗಡಲೆ ಪುಡಿ ಉದುರಿಸುವಳು. ತಮಿಳುನಾಡಿನ ಡ್ರೈವರೊಬ್ಬರು ಭಾಷೆ ಬಾರದೆ ಬೆರಳಿನಲ್ಲೇ ಲೆಕ್ಕ ತೋರಿಸಿ ಎಂಟು ಮೆಣಸಿನಕಾಯಿ ತಿಂದು, ಕಣ್ಣಲ್ಲಿ ನೀರು ಸುರಿಸುತ್ತ ಅವ್ವನಿಗೆ ಕೈಮುಗಿದು ಹೋದದ್ದು ಇನ್ನೂ ಕಣ್ಣಮುಂದಿದೆ.

ಲಾರಿ ನಿಲ್ಲಲು ಇನ್ನೊಂದು ಕಾರಣ ನಮ್ಮ ಬಯಲು ಗಣಪತಿ. 1475ರಲ್ಲಿ ಗುಲಿಯಪ್ಪ ನಾಯಕ ಸ್ಥಾಪಿಸಿದ ಮೂರ್ತಿ ಎಂದು ಹಿರಿಯರು ಹೇಳುತ್ತಾರೆ. ತಲೆಯ ಮೇಲೆ ಸೂರಿಲ್ಲದೆ ಬಿಸಿಲು ಮಳೆಗೆ ಕೂತ ದೇವರ ಮೇಲೆ, ಊರೂರು ಅಲೆಯುವ ಡ್ರೈವರುಗಳಿಗೆ ವಿಶೇಷ ನಂಬಿಕೆ. ಹೊಸ ಗಾಡಿಯಾದರೆ ಚಕ್ರದಡಿ ನಿಂಬೆಹಣ್ಣು, ಎದುರಿಗೆ ಈಡುಗಾಯಿ. ಒಡೆದ ಕಾಯಿಯ ಹೋಳು ಆರಿಸಲು ನಾವು ಹುಡುಗರು ಕಾದಿರುತ್ತಿದ್ದೆವು.

1972ರ ಕೊನೆಗೆ ‘ನಾಗರಹಾವು’ ಸಿನಿಮಾ ಬಂತು. ಅಲ್ಲಿಂದಾಚೆಗೆ ದುರ್ಗದ ಕೋಟೆ ನೋಡುವವರು ಹೆಚ್ಚಿದರು. ಡಿಸೆಂಬರ್ ಬಂದರೆ ಬಳ್ಳಾರಿ, ರಾಯಚೂರು ಕಡೆಯ ಶಾಲೆಗಳ ಪ್ರವಾಸದ ಬಸ್ಸುಗಳು ಏಳು ಸುತ್ತಿನ ಕೋಟೆ, ಓಬವ್ವನ ಕಿಂಡಿ ನೋಡಿಕೊಂಡು, ಹೊಳಲ್ಕೆರೆಯಲ್ಲಿ ಗಣಪತಿಗೆ ಕೈಮುಗಿದು, ಚನ್ನಗಿರಿ, ಶಿವಮೊಗ್ಗದ ಮೇಲೆ ಜೋಗಕ್ಕೆ ಹೋಗುತ್ತಿದ್ದವು. ಮೇಷ್ಟ್ರುಗಳು ಬಸ್ಸಿನ ಟಾಪಿನಿಂದ ಹಂಡೆ, ರವೆ ಮೂಟೆ ಇಳಿಸಿ ನಮ್ಮ ಒಲೆಯಲ್ಲೇ ಉಪ್ಪಿಟ್ಟು ಮಾಡಿಸುವರು. ಅಪ್ಪ ಸೌದೆಗೆ ಮಾತ್ರ ದುಡ್ಡು ಹಿಡಿಯುತ್ತಿದ್ದ. ಮಕ್ಕಳಿಗೆ ಕೊಟ್ಟ ನೀರಿಗೆ, ಚಟ್ನಿಗೆ ಒಂದು ಪೈಸೆಯನ್ನೂ ಮುಟ್ಟಲಿಲ್ಲ.

ನಾನು ಗಲ್ಲಾದ ಮೇಲೆ ಕೂತ ಕಾಲಕ್ಕೆ ಗಾಡಿಗಳು ಸುಧಾರಿಸಿದ್ದವು. ತೊಟ್ಟಿಯ ನೀರು ಯಾರಿಗೂ ಬೇಕಿರಲಿಲ್ಲ. ಆಮೇಲೆ ಅದಿರು ಬಂತು. ಚೀನಾ ಕೊಳ್ಳತೊಡಗಿತೆಂದು ಭೀಮಸಮುದ್ರದ ಸೀಮೆಯ ಗುಡ್ಡಗಳು ಲಾರಿ ಹತ್ತಿದವು. ವ್ಯಾಪಾರ ಅಪ್ಪ ಕನಸಿನಲ್ಲೂ ಕಾಣದಷ್ಟು ಆಯಿತು. ಆದರೆ ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಹತ್ತು ಗಂಟೆಗೆಲ್ಲ ಕೆಂಪು ಧೂಳು. ಇಡ್ಲಿ ಪಾತ್ರೆಯ ಮುಚ್ಚಳ ತೆರೆಯಲು ಅಂಜಿಕೆ. ಟ್ರಿಪ್ಪಿನ ಲೆಕ್ಕದಲ್ಲಿ ಓಡುವ ಡ್ರೈವರುಗಳಿಗೆ ಕೂತು ತಿನ್ನುವ ಪುರುಸೊತ್ತಿರಲಿಲ್ಲ. ಪಾರ್ಸಲ್ ಕಟ್ಟಿಸಿಕೊಂಡು ಇಂಜಿನ್ ಆರಿಸದೆ ಹೊರಡುವರು. ಆ ವರ್ಷಗಳ ದುಡ್ಡಿನಲ್ಲೇ ಮಗಳನ್ನು ಓದಿಸಿದೆ, ಅಲ್ಲಗಳೆಯಲಾರೆ. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ನಮ್ಮ ಜಿಲ್ಲೆಯ ಗಣಿಗಾರಿಕೆಯನ್ನೂ ನಿಲ್ಲಿಸಿತು. ಧೂಳು ಅಡಗಿತು, ಗಿರಾಕಿಯೂ ಅಡಗಿದ. ಎರಡು ವರ್ಷ ತಡೆದುಕೊಂಡು ಬಾಗಿಲು ಹಾಕಿದೆ.

ಹಿರಿಯೂರು, ಐಮಂಗಲದ ಮೇಲೆ ಹೋಗುವ ಬೆಂಗಳೂರು ರಸ್ತೆ ಈಗ ಆರು ಪಥ. ಗುಯಿಲಾಳು ಟೋಲ್ ದಾಟಿದ ಕಾರು ಎಲ್ಲಿ ನಿಲ್ಲಬೇಕೆಂಬುದನ್ನು ಫೋನು ಹೇಳುತ್ತದೆ. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ 2022ರಲ್ಲಿ ಕೋಡಿ ಬಿದ್ದಾಗ ಹಳೆಯ ದಿನ ನೆನಪಾಯಿತು. ಆ ಅಣೆಕಟ್ಟಿರುವ ಮಾರಿಕಣಿವೆಯ ದಾರಿಯುದ್ದಕ್ಕೂ ಸೌತೆಕಾಯಿ, ಬೇಯಿಸಿದ ಶೇಂಗಾ, ಚುರುಮುರಿಯ ಗಾಡಿಗಳು. ಜನ ನಿಂತರೆ ಸಾಕು, ಅನ್ನ ಹುಟ್ಟಿಕೊಳ್ಳುತ್ತದೆ.

ಮಗಳು ಅರಿಜೋನಾದಲ್ಲಿದ್ದಾಳೆ. ಹೋದಾಗ ಸೆಲಿಗ್ಮನ್ ಎಂಬ ಊರು ತೋರಿಸಿದಳು. ಷಿಕಾಗೋದಿಂದ ಲಾಸ್ ಏಂಜಲೀಸ್‌ವರೆಗಿನ ಹಳೆಯ 66ನೇ ರಸ್ತೆ ಅದರ ನಡುವೆ ಹಾಯುತ್ತದೆ. 1978ರಲ್ಲಿ ಹೊಸ ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟಿತು. ತಿಂಡಿಯಂಗಡಿ, ಲಾಡ್ಜುಗಳು ಒಣಗಿದವು. ಏಂಜೆಲ್ ಡೆಲ್ಗಾಡಿಯೊ ಎಂಬ ಕ್ಷೌರಿಕರು ಊರವರನ್ನು ಸೇರಿಸಿ 1987ರಲ್ಲಿ ಸಂಘ ಕಟ್ಟಿ, ಆ ರಸ್ತೆಗೆ ಚಾರಿತ್ರಿಕ ರಸ್ತೆ ಎಂಬ ಮಾನ್ಯತೆ ದೊರಕಿಸಿದರು. ಈಗ ಆ ಅಂಗಡಿಗಳನ್ನು ನೋಡುವುದಕ್ಕೆಂದೇ ಜನ ಬರುತ್ತಾರೆ. ಅಲ್ಲಿನ ಬೆಂಚಿನ ಮೇಲೆ ಕೂತು ನಾನು ಹದಿಮೂರನ್ನು ನೆನೆದೆ. ಅದಕ್ಕೀಗ ಆ ನಂಬರೂ ಇಲ್ಲ, ನಮ್ಮ ಪಾಲಿನ ತುಂಡು 369. ಕೋಟೆಯ ಕಥೆಯನ್ನು ಎಷ್ಟೋ ಜನ ಬರೆದಿದ್ದಾರೆ. ಕೋಟೆ ನೋಡಲು ಬಂದವರಿಗೆ ಉಣಬಡಿಸಿದ ಖಾನಾವಳಿಗಳ ಬಗ್ಗೆ ಎಲ್ಲೂ ಓದಿಲ್ಲ. ಅದಕ್ಕೇ ಇಷ್ಟು ಬರೆದೆ.

ಕಲ್ಲುತೊಟ್ಟಿಯನ್ನು ಪಕ್ಕದ ಮನೆಯವರು ಎಮ್ಮೆಗಳಿಗೆ ಒಯ್ದರು. ಅವ್ವನ ಬಾಂಡ್ಲಿಯನ್ನು ಬಸ್‌ಸ್ಟ್ಯಾಂಡ್ ಹತ್ತಿರ ತಳ್ಳುಗಾಡಿ ಇಟ್ಟಿರುವ ಹೆಣ್ಣುಮಗಳಿಗೆ ಕೊಟ್ಟೆ. ಅದರ ಒಂದು ಕಿವಿ ಮುರಿದದ್ದನ್ನು ಅಪ್ಪ ತಂತಿ ಸುತ್ತಿ ಸರಿಮಾಡಿದ್ದ. ತಂತಿ ಈಗಲೂ ಹಾಗೇ ಇದೆ. ಸಂಜೆ ನಾಲ್ಕೂವರೆಗೆ ಆಕೆ ಎಣ್ಣೆ ಇಡುತ್ತಾಳೆ. ನನ್ನನ್ನು ಕಂಡರೆ, “ಮೊದಲ ಒಬ್ಬೆ ನಿಮ್ದೇ ಕಣಣ್ಣ, ನಿಂತ್ಕಳ್ಳಿ” ಎನ್ನುತ್ತಾಳೆ. ನಿಲ್ಲುತ್ತೇನೆ.