ಇಂದಿರಾ ಒಲ್ಲೆ ಎಂದ ರಾತ್ರಿ

ಮಳೆಗಾಲದಲ್ಲಿ ನಮ್ಮ ಕಡೆ ಟೆಂಟ್ ಸಿನಿಮಾ ಇರುತ್ತಿರಲಿಲ್ಲ. ಆ ಗಾಳಿಮಳೆಗೆ ಯಾವ ಡೇರೆ ತಡೆದೀತು? ಬಿಸಿಲು ಬಿದ್ದು, ಕಾಫಿ ಹಣ್ಣಿನ ಕೊಯ್ಲು ಶುರುವಾಗಿ, ಬಟವಾಡೆಯ ದುಡ್ಡು ಕೈ ಸೇರಿದ ಮೇಲೆಯೇ ಮೂಡಿಗೆರೆ ಕಡೆಯ ಬಯಲಲ್ಲಿ ಟೂರಿಂಗ್ ಟಾಕೀಸು ಏಳುತ್ತಿತ್ತು. ಅಜ್ಜಿಯ ಕಂಬಳಿಯೊಳಗೆ ಮುದುರಿ ಕೂತು ನಾನು ‘ಬೆಳ್ಳಿಮೋಡ’ ನೋಡಿದ್ದು ಅಲ್ಲೇ.

ಪುಟ್ಟಣ್ಣ ಕಣಗಾಲರ 1967ರ ಚಿತ್ರ ಅದು. ಕಾದಂಬರಿ ತ್ರಿವೇಣಿಯವರದು. ಅವರು 1963ರಲ್ಲೇ ತೀರಿಕೊಂಡಿದ್ದರು. ತಮ್ಮ ನಾಯಕಿ ಇಂದಿರಾಳಿಗೆ ನಟಿ ಕಲ್ಪನಾ ಜೀವ ತುಂಬಿದ್ದನ್ನು ನೋಡಲೇ ಇಲ್ಲ. ನೆನೆದರೆ ಈಗಲೂ ಸಂಕಟವಾಗುತ್ತದೆ.

ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಎಸ್. ಜಾನಕಿ ಹಾಡುವಾಗ ಟೆಂಟಿನಲ್ಲಿ ಬೀಡಿ ಸೇದುವವರೂ ಸುಮ್ಮನಾದರು. ಆಮೇಲೆ ಕಥೆ ಹಿಡಿದುಕೊಂಡಿತು. ಸಾಹುಕಾರ ಸದಾಶಿವರಾಯರ ಒಬ್ಬಳೇ ಮಗಳು ಇಂದಿರಾ. ಅವಳನ್ನು ಮದುವೆಯಾಗುವ ಮಾತಿನ ಮೇಲೆ ರಾಯರ ದುಡ್ಡಿನಲ್ಲೇ ಮೋಹನ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ. ಆಸ್ತಿಗೆ ಗಂಡು ಬಂತು, ಮೋಹನನ ಮನಸ್ಸು ತಿರುಗಿತು.

ಹೆಂಗಸರ ಸಾಲಿನಲ್ಲಿ ಒಂದು ನಿಟ್ಟುಸಿರು ಎದ್ದದ್ದು ಆಗ. ಅವರಿಗೆ ಇದು ಸಿನಿಮಾ ಆಗಿರಲಿಲ್ಲ. ನಮ್ಮ ಸೀಮೆಯಲ್ಲಿ ಸಂಬಂಧದ ಮಾತು ಎತ್ತಿದರೆ ಮೊದಲು ಕೇಳುತ್ತಿದ್ದದ್ದು ಎಷ್ಟು ಎಕರೆ, ಗಂಡುಮಕ್ಕಳೆಷ್ಟು ಅಂತಲೇ. ಹಿರಿಯರ ಆಸ್ತಿಯಲ್ಲಿ ಹೆಣ್ಣಿಗೂ ಹುಟ್ಟಿನಿಂದಲೇ ಹಕ್ಕು ಎಂದು ಕರ್ನಾಟಕದ ಕಾನೂನು ಹೇಳಿದ್ದು 1994ರಲ್ಲಿ, ಅದೂ ಆಗಲೇ ಮದುವೆಯಾದವರನ್ನು ಬಿಟ್ಟು.

ಕೊನೆಗೆ ಕಾಲು ಮುರಿದುಕೊಂಡು ಬಿದ್ದ ಮೋಹನನಿಗೆ ಇಂದಿರಾಳೇ ಆರೈಕೆ ಮಾಡುತ್ತಾಳೆ. ಅವನು ಮನಸ್ಸು ಬದಲಿಸಿ ಕೈ ಚಾಚಿದಾಗ ಒಲ್ಲೆ ಅನ್ನುತ್ತಾಳೆ. ಅಳುತ್ತ ಒಪ್ಪಿಕೊಳ್ಳುವ ನಾಯಕಿಯರನ್ನೇ ನೋಡಿದ್ದ ಜನ ದಂಗಾಗಿ ಕೂತರು.

ಸೂಡಿ ಹಚ್ಚಿಕೊಂಡು ವಾಪಸು ಬರುವಾಗ ದಾರಿಯುದ್ದಕ್ಕೂ ಜಗಳ. “ಪಾಪ, ತಪ್ಪು ಒಪ್ಕೊಂಡ್ನಲ್ಲ, ಆಗ್ಬಹುದಿತ್ತು” ಅಂದರು ದೊಡ್ಡಪ್ಪ. ಗಂಡಸರೆಲ್ಲ ಹೂಂಗುಟ್ಟಿದರು. ದೊಡ್ಡಪ್ಪನ ಎದುರು ದನಿ ಎತ್ತದ ಚಿಕ್ಕಮ್ಮ ಅವತ್ತು ನಿಂತೇಬಿಟ್ಟಳು: “ಅವ್ಳು ಶುಶ್ರೂಷೆ ಮಾಡಿದ್ದು ಕರುಣೆಯಿಂದ ಭಾವ. ಕರುಣೆ ಬೇರೆ, ಮದುವೆ ಬೇರೆ.”

ಯಾರೂ ಉತ್ತರ ಕೊಡಲಿಲ್ಲ. ಅಜ್ಜಿ ಮಾತ್ರ, “ತೋಟ ನೋಡಿ ಬಂದೋನು ತೋಟಾನೇ ಕಟ್ಕೊಳ್ಲಿ ಬಿಡು” ಅಂದಳು.

ಮಾರನೆಯ ದಿನ ಕೊಯ್ಲಿನ ಸಾಲಿನಲ್ಲೂ ಅದೇ ಮಾತು. ಕೂಲಿ ಲೈನಿನ ಹೆಂಗಸರೆಲ್ಲ ಇಂದಿರಾಳ ಕಡೆ. ಮೇಸ್ತ್ರಿ ಮೋಹನನ ಪರ ಒಂದು ಮಾತಾಡಿದ್ದಕ್ಕೆ ಸಂಜೆಯವರೆಗೂ ಅವರ ಬಾಯಿಗೆ ಸಿಕ್ಕಿಕೊಂಡ.