ಐದು ಡಾಲರ್ ಕೂಲಿಯ ಊರಿನಲ್ಲಿ

ಅಮೆರಿಕಕ್ಕೆ ಹೋದವರು ನಯಾಗರ ಜಲಪಾತ ನೋಡುತ್ತಾರೆ, ನ್ಯೂಯಾರ್ಕಿನ ಗಗನಚುಂಬಿಗಳ ಎದುರು ಫೋಟೊ ತೆಗೆಸಿಕೊಳ್ಳುತ್ತಾರೆ. ಮಿಷಿಗನ್ ರಾಜ್ಯದಲ್ಲಿರುವ ಮಗಳ ಮನೆಗೆ ಹೋಗಿದ್ದ ನನಗೆ ಮಾತ್ರ ಒಂದು ಹಳೆಯ ಕಾರ್ಖಾನೆ ನೋಡುವ ಆಸೆ. “ಅಲ್ಲಿ ಏನೂ ಇಲ್ಲಪ್ಪ, ಪಾಳು ಕಟ್ಟಡ” ಎಂದು ಮಗಳು ನಕ್ಕಳು. ಆದರೂ ಒಂದು ಶನಿವಾರ ಬೆಳಿಗ್ಗೆ ಕಾರು ತೆಗೆದಳು.

ಡೆಟ್ರಾಯಿಟ್ ನಗರದ ನಡುವಿನಿಂದ ಹೊರಡುವ ವುಡ್‌ವರ್ಡ್ ಅವೆನ್ಯೂ ಎಂಬ ರಸ್ತೆಯಲ್ಲಿ ಆರು ಮೈಲಿ ಸಾಗಿದರೆ ಹೈಲ್ಯಾಂಡ್ ಪಾರ್ಕ್ ಸಿಗುತ್ತದೆ. ದೊಡ್ಡ ನಗರದ ಹೊಟ್ಟೆಯೊಳಗೆ ಇದ್ದರೂ ಇದು ಬೇರೆಯೇ ಊರು, ಇದಕ್ಕೆ ಬೇರೆಯೇ ಪುರಸಭೆ. 1930ರಲ್ಲಿ ಇಲ್ಲಿ ಸುಮಾರು 53 ಸಾವಿರ ಜನ ಇದ್ದರು. 2020ರ ಜನಗಣತಿಯಲ್ಲಿ ಸಿಕ್ಕಿದ್ದು 9 ಸಾವಿರಕ್ಕೂ ಕಡಿಮೆ. 2011ರಲ್ಲಿ ವಿದ್ಯುತ್ ಬಾಕಿ ತೀರಿಸಲಾಗದೆ ಊರಿನ ಬೀದಿದೀಪದ ಕಂಬಗಳಲ್ಲಿ ಬಹುಪಾಲನ್ನು ಕಿತ್ತುಕೊಂಡು ಹೋದರು. ಇಂಥ ಊರಿಗೆ ಒಂದು ಕಾಲದಲ್ಲಿ ಲೋಕದ ಮೂಲೆಮೂಲೆಯಿಂದ ಜನ ಕೆಲಸ ಹುಡುಕಿಕೊಂಡು ಬರುತ್ತಿದ್ದರು ಎಂದರೆ ನಂಬುವುದು ಕಷ್ಟ.

ರಸ್ತೆಯ ಬದಿಯಲ್ಲೇ ಫೋರ್ಡ್ ಕಾರ್ಖಾನೆಯ ಉಳಿದ ಕಟ್ಟಡಗಳು ನಿಂತಿವೆ. ಪಕ್ಕದಲ್ಲೊಂದು ಅಂಗಡಿ ಸಾಲು. ಅದರ ಹೆಸರು ‘ಮಾಡೆಲ್ ಟಿ ಪ್ಲಾಜಾ’. ಇಲ್ಲಿ ತಯಾರಾಗುತ್ತಿದ್ದ ಕಾರಿನ ನೆನಪಾಗಿ ಉಳಿದಿರುವುದು ಆ ಹೆಸರು ಮತ್ತು ಒಂದು ಸ್ಮಾರಕ ಫಲಕ. 1910ರಲ್ಲಿ ಶುರುವಾದ ಈ ಕಾರ್ಖಾನೆಯನ್ನು ವಿನ್ಯಾಸ ಮಾಡಿದವರು ಆಲ್ಬರ್ಟ್ ಕಾನ್. ಕೆಲಸಗಾರ ಕಾರಿನ ಬಳಿಗೆ ಹೋಗುವ ಬದಲು ಕಾರೇ ಕೆಲಸಗಾರನ ಬಳಿಗೆ ಸಾಗಿಬರುವ ಏರ್ಪಾಡು 1913ರಲ್ಲಿ ಇಲ್ಲಿ ಜಾರಿಗೆ ಬಂತು. ಒಂದು ಕಾರಿನ ಜೋಡಣೆಗೆ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದದ್ದು ಒಂದೂವರೆ ಗಂಟೆಗೆ ಇಳಿಯಿತು.

ಕಾರಿಗೆ ಅದು ಚೆಂದ. ಆದರೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಬೋಲ್ಟನ್ನು ತಿರುಗಿಸುತ್ತ ನಿಂತವನ ಗತಿ? ಜನ ಬಂದಷ್ಟೇ ಬೇಗ ಬಿಟ್ಟು ಹೋಗತೊಡಗಿದರು. 1913ರಲ್ಲಿ ಸುಮಾರು 14 ಸಾವಿರ ಕೆಲಸಗಾರರನ್ನು ಉಳಿಸಿಕೊಳ್ಳಲು ಕಂಪನಿ 52 ಸಾವಿರಕ್ಕೂ ಹೆಚ್ಚು ಜನರನ್ನು ಸೇರಿಸಿಕೊಳ್ಳಬೇಕಾಯಿತು. ಒಬ್ಬ ನಿಲ್ಲಬೇಕಾದ ಜಾಗಕ್ಕೆ ವರ್ಷದಲ್ಲಿ ಮೂರು ನಾಲ್ಕು ಜನ ಬಂದು ಹೋದರು ಎಂದಾಯಿತು.

ಆಗ ಬಂತು ಜಗತ್ತನ್ನೇ ಬೆರಗುಗೊಳಿಸಿದ ಘೋಷಣೆ. 1914ರ ಜನವರಿ 5ರಂದು ಹೆನ್ರಿ ಫೋರ್ಡ್ ದಿನಗೂಲಿಯನ್ನು ಸುಮಾರು ಎರಡೂಕಾಲು ಡಾಲರಿನಿಂದ ಐದು ಡಾಲರಿಗೆ ಏರಿಸಿದ; ದುಡಿಮೆಯ ಅವಧಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದ. ಮೈ ಕೊರೆಯುವ ಚಳಿಯಲ್ಲಿ ಸಾವಿರಾರು ಜನ ಗೇಟಿನ ಮುಂದೆ ನೆರೆದರು. ಒಂದು ದಿನ ಗುಂಪು ಚದುರಿಸಲು ಅವರ ಮೇಲೆ ಬೆಂಕಿ ಆರಿಸುವ ಕೊಳವೆಗಳಿಂದ ನೀರು ಬಿಟ್ಟರು. ನಾನು ನಿಂತಿದ್ದ ಪಾದಚಾರಿ ದಾರಿಯಲ್ಲೇ ಅವರೂ ನಡುಗುತ್ತ ನಿಂತಿದ್ದಿರಬೇಕು.

ಹೆಚ್ಚಿನ ಕೂಲಿಗೆ ಷರತ್ತುಗಳೂ ಇದ್ದವು. ಐದು ಡಾಲರಿನಲ್ಲಿ ಸುಮಾರು ಅರ್ಧ ಭಾಗ ‘ಲಾಭದ ಪಾಲು’. ಅದು ಸಿಗಬೇಕಾದರೆ ಮನೆ ಚೊಕ್ಕಟವಾಗಿರಬೇಕು, ಕುಡಿಯಬಾರದು, ಹಣ ಉಳಿಸಬೇಕು. ಇದನ್ನೆಲ್ಲ ನೋಡಲು ಕಂಪನಿಯ ತನಿಖೆಯವರು ಮನೆಬಾಗಿಲಿಗೇ ಬರುತ್ತಿದ್ದರು. ಆ ತಿಂಗಳಲ್ಲೇ ಕೆಲಸಗಾರನೊಬ್ಬನ ಹೆಂಡತಿ ಹೆಸರು ಹಾಕದೆ ಫೋರ್ಡನಿಗೆ ಒಂದು ಪತ್ರ ಬರೆದಳು: ಗಂಡ ಮನೆಗೆ ಬಂದು ಊಟವನ್ನೂ ಮಾಡದೆ ಬಿದ್ದುಕೊಳ್ಳುತ್ತಾನೆ, ನಿಮ್ಮ ಐದು ಡಾಲರ್ ದೊಡ್ಡ ವರವೇ, ಆದರೆ ಅವರು ಅದನ್ನು ಮೈಮುರಿದು ಗಳಿಸುತ್ತಾರೆ ಎಂಬುದು ಅದರ ಸಾರ.

ಹಾಗೆಂದು ಆ ಹಣ ಕೆಟ್ಟದ್ದೆಂದು ಹೇಳಿದರೆ ಅನ್ಯಾಯವಾದೀತು. ಕೈಯಲ್ಲಿ ಕಾಸಿಲ್ಲದೆ ಹಡಗಿಳಿದವರು ಆ ಕೂಲಿಯಿಂದ ಮನೆ ಕಟ್ಟಿಕೊಂಡರು, ಮಕ್ಕಳನ್ನು ಓದಿಸಿದರು. ಬಿಟ್ಟು ಹೋಗುವವರ ಪ್ರಮಾಣ 1913ರಲ್ಲಿ ಶೇಕಡಾ 370 ಇದ್ದದ್ದು 1915ರ ಹೊತ್ತಿಗೆ 16ಕ್ಕೆ ಇಳಿಯಿತು. ಖರ್ಚು ತಗ್ಗಿಸಲು ತಾನು ಮಾಡಿದ ಅತ್ಯುತ್ತಮ ಕೆಲಸಗಳಲ್ಲಿ ಇದೂ ಒಂದೆಂದು ಫೋರ್ಡನೇ ಮುಂದೆ ಬರೆದುಕೊಂಡ. ಅಂದರೆ ಆ ಹೆಚ್ಚಿನ ಕೂಲಿ ಬರಿಯ ಔದಾರ್ಯವಲ್ಲ. ಜನ ತಾಳಲಾರದ ಕೆಲಸದಲ್ಲಿ ಅವರನ್ನು ಹಿಡಿದಿಡಲು ಕೊಟ್ಟ ಬೆಲೆ.

ಮಧ್ಯಾಹ್ನ ಅದೇ ರಸ್ತೆಯಲ್ಲಿ ಹಿಂತಿರುಗಿ ಡೆಟ್ರಾಯಿಟಿನ ಕಲಾ ಸಂಗ್ರಹಾಲಯಕ್ಕೆ ಹೋದೆವು. ಮೆಕ್ಸಿಕೊದ ಡಿಯಾಗೊ ರಿವೇರಾ 1932-33ರಲ್ಲಿ ಅಲ್ಲೊಂದು ಅಂಗಳದ ನಾಲ್ಕೂ ಗೋಡೆಗಳ ಮೇಲೆ 27 ಭಿತ್ತಿಚಿತ್ರಗಳನ್ನು ಬರೆದಿದ್ದಾನೆ. ಫೋರ್ಡನ ರೂಜ್ ಕಾರ್ಖಾನೆಯ ಯಂತ್ರಗಳು, ಅವುಗಳ ನಡುವೆ ಬೆನ್ನು ಬಾಗಿಸಿದ ಕೆಲಸಗಾರರು, ಹ್ಯಾಟು ಕನ್ನಡಕ ಹಾಕಿಕೊಂಡು ದುರುಗುಟ್ಟಿ ನೋಡುವ ಮೇಲ್ವಿಚಾರಕ. ಗೋಡೆಯ ಕೆಳಭಾಗದ ಸಣ್ಣ ಚಿತ್ರಗಳಲ್ಲಿ ಕಾರ್ಮಿಕನ ಒಂದು ದಿನದ ಕತೆ ಇದೆ. ಬೆಳಿಗ್ಗೆ ಹಾಜರಿ ಗಡಿಯಾರ ಒತ್ತುವುದರಿಂದ ಮೊದಲಾಗಿ ಸಂಬಳ ಪಡೆದು ಮೇಲ್ಸೇತುವೆ ದಾಟಿ ಹೋಗುವವರೆಗೆ. ಆ ಕಾರ್ಖಾನೆಯಲ್ಲಿ ಮಾತಾಡಿದರೆ ಶಿಕ್ಷೆ ಆಗುತ್ತಿದ್ದ ಕಾಲದಲ್ಲಿ ಕೆಲಸಗಾರರು ತುಟಿ ಅಲ್ಲಾಡಿಸದೆ ಪಿಸುಗುಟ್ಟುವುದನ್ನು ಕಲಿತಿದ್ದರಂತೆ. ಕಾರ್ಮಿಕ ಸಂಘವನ್ನು ಫೋರ್ಡ್ ಒಪ್ಪಿಕೊಂಡಿದ್ದು 1941ರಲ್ಲಿ.

ಚಿತ್ರ ನೋಡುತ್ತಿದ್ದಾಗಲೇ ಮಗಳ ಫೋನು ಬಂತು. ಶನಿವಾರ, ರಜೆ. ಆದರೂ ಹೊರಗೆ ಹೋಗಿ ಅರ್ಧ ಗಂಟೆ ಮಾತಾಡಿ ಬಂದಳು. “ಮ್ಯಾನೇಜರು” ಎಂದಳು, ಅಷ್ಟೆ. ನಾನು ಬಂದಾಗಿನಿಂದ ರಾತ್ರಿ ಹತ್ತಕ್ಕೆ ಮೊದಲು ಅವಳು ಊಟಕ್ಕೆ ಕುಳಿತದ್ದನ್ನು ಕಂಡಿರಲಿಲ್ಲ.

ಕಾಫಿ ಕುಡಿಯುತ್ತ ಅವಳೇ ವಿಷಯ ತೆಗೆದಳು. ಬೇರೊಂದು ಕಂಪನಿಯಿಂದ ಕರೆ ಬಂದಿದೆ. ಸಂಬಳ ಈಗಿನದಕ್ಕಿಂತ ಐದನೇ ಒಂದು ಭಾಗ ಕಡಿಮೆ. ವೀಸಾ ಕಾಗದಗಳನ್ನು ಹೊಸ ಕಂಪನಿ ಹೊಸದಾಗಿ ಸಲ್ಲಿಸಬೇಕು. ಮೈಸೂರಿನ ಮನೆಯ ಸಾಲದ ಕಂತು ಬೇರೆ ಇದೆ. “ನೀವು ಬೇಜಾರು ಮಾಡಿಕೊಳ್ಳುತ್ತೀರಿ ಅಂತ ಹೇಳಿರಲಿಲ್ಲ ಅಪ್ಪ” ಎಂದಳು.

ಆ ಮಾತು ನನ್ನನ್ನು ಚುಚ್ಚಿತು. ಅವಳಿಗೆ ಮೊದಲ ಕೆಲಸ ಸಿಕ್ಕ ದಿನ ನಾನು ಕೇಳಿದ ಮೊದಲ ಪ್ರಶ್ನೆ “ಎಷ್ಟು ಕೊಡ್ತಾರೆ?” ಎಂಬುದಾಗಿತ್ತು. ಎರಡನೆಯ ಪ್ರಶ್ನೆ ಇರಲೇ ಇಲ್ಲ.

ಈಗ ಕೇಳಿದೆ: “ನೀನು ಸೇರಿದಾಗ ನಿನ್ನ ತಂಡದಲ್ಲಿ ಇದ್ದವರು ಈಗ ಎಷ್ಟು ಜನ ಇದ್ದಾರೆ?” ಮಗಳು ಬೆರಳು ಮಡಿಸಿದಳು. ಒಂಬತ್ತರಲ್ಲಿ ಇಬ್ಬರು. “ಆ ಇಬ್ಬರು ಯಾಕೆ ಉಳಿದಿದ್ದಾರೆ?” ಅದಕ್ಕೆ ಅವಳು ತುಸು ಹೊತ್ತು ಸುಮ್ಮನಿದ್ದು, “ಒಬ್ಬರಿಗೆ ಸಾಲ, ಇನ್ನೊಬ್ಬಳು ನಾನು” ಎಂದು ನಕ್ಕಳು.

ಕಾಲೇಜು ಮುಗಿಸಿ ಕೆಲಸ ಹುಡುಕುವ ಮಕ್ಕಳಿಗೂ, ಅವರ ತಂದೆತಾಯಿಗಳಿಗೂ ನಾನು ಹೇಳಬಹುದಾದದ್ದು ಇಷ್ಟೆ. ದೊಡ್ಡ ಸಂಬಳವನ್ನು ಬೇಡವೆನ್ನಬೇಕಿಲ್ಲ, ಬಡತನದಲ್ಲೇನೂ ದೊಡ್ಡತನವಿಲ್ಲ. ಆದರೆ ಬೇರೆಯವರಿಗಿಂತ ಬಹಳ ಹೆಚ್ಚು ಕೊಡುತ್ತೇವೆಂದರೆ ಯಾಕೆಂದು ವಿಚಾರಿಸಿ. ಅಲ್ಲಿ ಜನ ಎಷ್ಟು ವರ್ಷ ನಿಲ್ಲುತ್ತಾರೆ, ಮನಸ್ಸಿನಿಂದ ನಿಲ್ಲುತ್ತಾರೋ ಕಂತಿಗಾಗಿ ನಿಲ್ಲುತ್ತಾರೋ ತಿಳಿದುಕೊಳ್ಳಿ. ಬಿಟ್ಟು ಬಂದವರೊಬ್ಬರನ್ನಾದರೂ ಮಾತಾಡಿಸಿ. ಕೈಗೆ ಬಂದ ಸಂಬಳವನ್ನೆಲ್ಲ ಸಾಲಕ್ಕೆ ಕಟ್ಟಿಹಾಕಬೇಡಿ. ಬಿಡುವ ಸ್ವಾತಂತ್ರ್ಯ ಉಳಿಯುವುದು ಆಗಲೇ.

ನಾನು ಊರಿಗೆ ಮರಳಿದ ಎರಡು ತಿಂಗಳಿಗೆ ಮಗಳು ಕೆಲಸ ಬದಲಿಸಿದಳು. ಸಾಲದ ಅವಧಿ ಮೂರು ವರ್ಷ ಹೆಚ್ಚಾಯಿತು. ಸಂಜೆ ವಾಯುವಿಹಾರದಲ್ಲಿ ಗೆಳೆಯರು, “ಮಗಳಿಗೆ ಎಷ್ಟು ಸಂಬಳ ಸ್ವಾಮೀ ಈಗ?” ಎಂದು ಕೇಳುತ್ತಾರೆ.

“ಮೊದಲಿಗಿಂತ ಕಡಿಮೆ. ರಾತ್ರಿ ಎಂಟಕ್ಕೆ ಊಟ ಮಾಡ್ತಾಳೆ” ಎನ್ನುತ್ತೇನೆ.